ಕೊನೆಯ ಸೈಕಲ್ಲಿನ ಬೆಲ್ಲು

ಸೈಕಲ್ ಸಾಲಿನ ಕೊನೆಗೆ ನನ್ನನ್ನು ಹಾಕಿದವರು ನಮಗೆ ತರಬೇತಿ ಕೊಟ್ಟ ಗಣೇಶಮೂರ್ತಿ ಮಾಸ್ತರು. ನಾನು ಎಲ್ಲರಿಗಿಂತ ನಿಧಾನ ಎನ್ನುವುದು ಒಂದು ಕಾರಣ. ನನ್ನ ಹಿಂದೆ ಯಾರನ್ನು ಬಿಟ್ಟರೂ ಅವರು ಬೇಸತ್ತು ಗೊಣಗುತ್ತಾರೆ, ನಾನಾದರೆ ಯಾರಿಗೂ ಗೊಣಗುವವಳಲ್ಲ ಎನ್ನುವುದು ಇನ್ನೊಂದು. ಪಂಪು ಮತ್ತು ಪಂಕ್ಚರ್ ಡಬ್ಬಿ ಇರುವುದು ಕೊನೆಯ ಸೈಕಲ್ಲಿನಲ್ಲಿ. ಯಾರ ಚಕ್ರ ಕೆಟ್ಟು ನಿಂತರೂ ಕೊನೆಯವಳು ಅವರನ್ನು ದಾಟಿಯೇ ಹೋಗಬೇಕಲ್ಲ, ಅದಕ್ಕೆ. ಅವಳಿಗೆ ಇನ್ನೂ ಒಂದು ಕೆಲಸವಿತ್ತು. ಎಲ್ಲಿ ನಿಂತು ಹೊರಟರೂ ಮಾಸ್ತರು ಮುಂದಿನಿಂದ ಮೂರು ಸಲ ಸೀಟಿ ಊದುವರು. ಕೊನೆಯವಳು ಎಲ್ಲರೂ ಹತ್ತಿದ್ದನ್ನು ನೋಡಿಕೊಂಡು "ಹಿಂದೆ ಯಾರೂ ಇಲ್ಲ" ಎಂದು ಕೂಗಬೇಕು. ಆಮೇಲೆ ಸಾಲು ಹೊರಡುತ್ತದೆ. ನನ್ನ ದನಿ ಅಷ್ಟು ದೂರ ಹೋಗುವುದಿಲ್ಲವೆಂದು ಅಭ್ಯಾಸದ ಮೊದಲನೆಯ ದಿನವೇ ತಿಳಿಯಿತು. ಕೂಗುವುದು ಬೇಡ, ಎರಡು ಸಲ ಬೆಲ್ ಹೊಡೆದರೆ ಸಾಕು ಎಂದು ಮಾಸ್ತರು ರಿಯಾಯಿತಿ ಕೊಟ್ಟರು. ನನಗೆ ಅದರಿಂದ ಎಷ್ಟು ನಿರಾಳವಾಯಿತೆಂದರೆ ಆ ದಿನದ ಡೈರಿಯಲ್ಲಿ ಬೇರೇನನ್ನೂ ಬರೆಯಲಿಲ್ಲ.

ಅದು ೧೯೬೫ರ ಡಿಸೆಂಬರ್. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕಿಗೆ ಸೇರಿ ಕೆಲವರು ಒಂದು ಮಹಿಳಾ ಸೇವಾ ಮಂಡಲಿ ಕಟ್ಟಿದ್ದರು. ಬಸ್ಸು ಕಾಣದ ಊರುಗಳಲ್ಲಿ ಆರು ಕೇಂದ್ರ ತೆರೆಯುವುದೆಂದು ಮಾಡಿದ್ದರು. ಕೇಂದ್ರಕ್ಕೊಬ್ಬಳು ಸೇವಿಕೆ, ಅವಳು ಸುತ್ತಿನ ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗಿ ಹೆಂಗಸರಿಗೆ ಅಕ್ಷರ ಕಲಿಸಬೇಕು, ಬಸುರಿ ಬಾಣಂತಿಯರನ್ನು ನೋಡಿ ಬರಬೇಕು. ಇರುವುದಕ್ಕೆ ಕೇಂದ್ರದ ಹಿಂದೆಯೇ ಎರಡು ಕೋಣೆಯ ಮನೆ. ಸಾಗರದಲ್ಲಿ ಒಂದು ತಿಂಗಳ ತರಬೇತಿ ಮುಗಿಸಿದ ನಾವು ಏಳು ಜನ ಉಳಿದಿದ್ದೆವು. ಕೊನೆಯ ಪರೀಕ್ಷೆ ಸವಾರಿಯದು. ಬೆಳಿಗ್ಗೆ ಸಾಗರದಿಂದ ಹೊರಟು, ಹೊಸನಗರದ ಮೇಲೆ, ನಲವತ್ತೈದು ಮೈಲಿ ತುಳಿದು ಸಂಜೆ ಐದರೊಳಗೆ ತೀರ್ಥಹಳ್ಳಿಯ ಮಂಡಲಿ ಆಫೀಸಿನಲ್ಲಿ ಹೆಸರು ಬರೆಸಬೇಕು. ಐದು ದಾಟಿ ಬಂದವಳಿಗೆ ಕೆಲಸವಿಲ್ಲ. ಏಳೂ ಜನ ಬಂದುಬಿಟ್ಟರೆ ಮರುದಿನ ಎಲ್ಲರನ್ನೂ ಕೂರಿಸಿ ಮಾತಾಡಿಸಿ ಒಬ್ಬಳನ್ನು ಕೈಬಿಡುತ್ತಾರೆ.

ಮಾತಾಡಿಸಿದರೆ ಬಿಟ್ಟುಹೋಗುವವಳು ಯಾರೆಂದು ನನಗೆ ಗೊತ್ತಿತ್ತು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದವಳು ಅಲ್ಲಿ ನಾನೊಬ್ಬಳೇ. ಆದರೆ ಎದುರಿಗೆ ಕೂತು ಯಾರಾದರೂ ಪ್ರಶ್ನೆ ಕೇಳಿದರೆ ನನ್ನ ಗಂಟಲು ಕಟ್ಟುತ್ತದೆ. ಹೆಗ್ಗೋಡಿನ ಹತ್ತಿರದ ನಮ್ಮ ಮನೆಯಲ್ಲಿ ಈ ಕೆಲಸವನ್ನು ಯಾರೂ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಹೊಸನಗರದಲ್ಲೇ ಸುಸ್ತಾಗಿ ಬಸ್ಸು ಹತ್ತಿ ವಾಪಸು ಬರುತ್ತಾಳೆಂದು ಅಪ್ಪ ಲೆಕ್ಕ ಹಾಕಿದ್ದರು. ನನಗೆ ಕೆಲಸ ಬೇಕಿತ್ತು, ಆದರೆ ಸಿಗದಿದ್ದರೆ ನಾನು ಬೀದಿಗೆ ಬೀಳುವವಳಾಗಿರಲಿಲ್ಲ.

ಬೀದಿಯಲ್ಲಿ ಇದ್ದವಳು ಕೆರಿಯಮ್ಮ. ಹೊಳೆಯಾಚೆ ಕರೂರು ಸೀಮೆಯಲ್ಲಿ ಅವಳ ಅಪ್ಪ ಗೇಣಿಗೆ ಗದ್ದೆ ಮಾಡಿಕೊಂಡಿದ್ದ. ಗೇಣಿ ಬಾಯಿಮಾತಿನದು, ಮನೆ ನಿಂತ ಜಾಗ ಒಡೆಯರದು. ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನೀರು ನಿಂತು ಊರು ಮುಳುಗಿದಾಗ ಕಾಗದ ಇದ್ದವರಿಗೆ ಬೇರೆ ಜಾಗ ಸಿಕ್ಕಿತು. ಇವರ ಹತ್ತಿರ ಕಾಗದವೇ ಇರಲಿಲ್ಲ. ಅಪ್ಪ ಅದೇ ವರ್ಷ ತೀರಿಕೊಂಡ. ಅವ್ವ ವೆಂಕಮ್ಮ ಸಾಗರದ ಹೊರಗೆ ನೆಂಟರ ಗಾಡಿ ಕೊಟ್ಟಿಗೆಯ ಒಂದು ಮೂಲೆಗೆ ತಡಿಕೆ ಕಟ್ಟಿಕೊಂಡು ಇದ್ದಳು. ಗಾಡಿ ಒಳಗೆ ಬಂದ ದಿನ ಒಲೆ ಹೊರಗೆ ಹೋಗಬೇಕು. ಮಳೆಗಾಲಕ್ಕೆ ಮುಂಚೆ ಜಾಗ ಬಿಡಿ ಎಂದು ನೆಂಟರು ಹೇಳಿಯಾಗಿತ್ತು. ಕೆರಿಯಮ್ಮನಿಗೆ ಸೇವಿಕೆ ಕೆಲಸವೆಂದರೆ ಆ ಎರಡು ಕೋಣೆ. ಬೇರೆ ಏನನ್ನೂ ಅವಳು ಹೇಳಿದ್ದು ನಾನು ಕೇಳಿಲ್ಲ.

ನನಗೆ ಸೈಕಲ್ ಕಲಿಸಿದವಳು ಅವಳೇ. ಅಣೆಕಟ್ಟಿನ ಕೆಲಸ ನಡೆಯುವಾಗ ಓವರ್‌ಸಿಯರ ಮನೆಗೆ ಹಾಲು ಹಾಕಲು ಹೋಗಿ, ಅವರ ಸೈಕಲ್ಲನ್ನು ಒರೆಸಿಕೊಡುವ ನೆವದಲ್ಲಿ ಅವಳು ಕಲಿತಿದ್ದಳಂತೆ. ತರಬೇತಿಯ ತಿಂಗಳಲ್ಲಿ ದಿನಾ ಬೆಳಕು ಹರಿಯುವ ಹೊತ್ತಿಗೆ ಗಣಪತಿ ಕೆರೆಯ ಏರಿಯ ಮೇಲೆ ನನ್ನ ಸೀಟು ಹಿಡಿದುಕೊಂಡು ಹಿಂದೆ ಓಡಿ ಬರುತ್ತಿದ್ದಳು. ನನಗಿಂತ ಮೂರು ವರ್ಷ ದೊಡ್ಡವಳು, ಆದರೂ ಬಹುವಚನ ಬಿಡಲಿಲ್ಲ. ನೀನು ಅನ್ನು ಎಂದು ಹೇಳಬೇಕೆಂದು ನಾನು ಅಂದುಕೊಂಡದ್ದೇ ಬಂತು. ಎರಡು ಸಲ ಬಿದ್ದು ಮೂರನೆಯ ಸಲ ಒಬ್ಬಳೇ ಏರಿಯ ಆ ತುದಿ ಮುಟ್ಟಿದ ದಿನ ಅವಳು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತ, "ನಿಮ್ ಹೆಸ್ರಿನ ಹೊಳೇನೇ ನಮ್ಮನೆ ನುಂಗಿದ್ದು. ಈಗ ನೋಡಿ, ಶರಾವತಿಗೆ ಬೀಳ್ದಂಗೆ ಹೋಗದು ಕಲ್ಸಿದೀನಿ" ಎಂದಳು. ನಾನು ಸೆರಗಿನಲ್ಲಿ ಹ್ಯಾಂಡಲ್ ಒರೆಸಿದೆ. ಅವಳು ನಗುತ್ತಲೇ ಇದ್ದಳು.

ಹೊರಟ ದಿನ ವೆಂಕಮ್ಮ ಬಂದಿದ್ದಳು. ಇಬ್ಬನಿಗೆ ತಲೆಯ ಮೇಲೆ ಕಂಬಳಿ ಕೊಪ್ಪೆ. ನನ್ನ ಹತ್ತಿರ ಬಂದು, ಅಲ್ಲಿನ ಮನೆಯಲ್ಲಿ ಒಲೆ ಹಾಕಿಯೇ ಕೊಡುತ್ತಾರೋ, ಇಲ್ಲ ಕಲ್ಲು ನಾವೇ ಹೊಂದಿಸಬೇಕೋ ಎಂದು ಕೇಳಿದಳು. ಓದಿದವಳಾದ್ದರಿಂದ ನನಗೆ ಗೊತ್ತಿರಬಹುದೆಂದು ಅವಳ ಎಣಿಕೆ. ಗೊತ್ತಿಲ್ಲ ಎನ್ನಲಾಗದೆ ಹಾಕಿರುತ್ತಾರೆ ಎಂದುಬಿಟ್ಟೆ.

ಬಟ್ಟೆಮಲ್ಲಪ್ಪ ಎನ್ನುವ ಊರಿನವರೆಗೆ ಎಲ್ಲರಿಗೂ ಹುರುಪಿತ್ತು. ಮಂಡಲಿ ಕೊಟ್ಟ ಸೈಕಲ್ಲುಗಳು ಒಂದೇ ಬಗೆಯವಲ್ಲ. ಆರಕ್ಕೆ ಅಡ್ಡಪಟ್ಟಿ ಇರಲಿಲ್ಲ, ಏಳನೆಯದು ಗಂಡಸರ ಹಳೆಯ ಸೈಕಲ್. ಅದನ್ನು ಯಾರೂ ಮುಟ್ಟದೇ ಇದ್ದಾಗ ಕೆರಿಯಮ್ಮ ತೆಗೆದುಕೊಂಡಿದ್ದಳು. ಅದರ ಹಿಂದಿನ ಟ್ಯೂಬಿಗೆ ಆಗಲೇ ಐದು ತೇಪೆ ಬಿದ್ದಿತ್ತು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಪಟ್ಟಿಯ ಮೇಲಿಂದ ಕಾಲು ಹಾಯಿಸಿ ಅವಳು ಹತ್ತುವುದನ್ನು ನೋಡಲು ದಾರಿಯಲ್ಲಿ ಜನ ನಿಲ್ಲುತ್ತಿದ್ದರು. ಒಂದು ಕಡೆ ಭತ್ತದ ಹೊರೆ ಹೊತ್ತವನೊಬ್ಬ, ಗಂಡಸರೆಲ್ಲ ಸೈಕಲ್ ಮಾರಿಕೊಂಡರೇನು ಎಂದು ಕೇಳಿದ. "ಹೌದು, ನಿಮ್ಮನೇದೂ ಇದ್ರಲ್ಲೇ ಇದೆ, ಗುರ್ತು ಸಿಕ್ತಾ?" ಎಂದಳು ಶೇಷಮ್ಮ. ಶೇಷಮ್ಮ ತೀರ್ಥಹಳ್ಳಿ ಕಡೆಯ ಒಕ್ಕಲಿಗರ ಹುಡುಗಿ, ಬಾಯಿ ಜೋರು. ಮಾಸ್ತರು ತಿರುಗಿ ಗದರಿದರು. ಕೆಂಪು ಧೂಳು ಮುಂದಿನವರ ಚಕ್ರದಿಂದ ಎದ್ದು ಕೊನೆಗೆ ಬಂದು ಇಳಿಯುತ್ತಿದ್ದುದು ನನ್ನ ಮೇಲೆ.

ಅಲ್ಲಿಂದ ಮುಂದೆ ಏರು. ಎಂಥ ಏರೆಂದರೆ ಕೆಳಗಿಂದ ನೋಡಿದರೆ ಸಣ್ಣದು, ಹತ್ತತೊಡಗಿದರೆ ತಿರುವಿನ ಆಚೆ ಮತ್ತೆ ಅಷ್ಟೇ ಇರುತ್ತಿತ್ತು. ಹೊಸನಗರ ಇನ್ನೂ ನಾಲ್ಕು ಮೈಲಿ ಇರುವಾಗ ಇಳಿದು ನಿಂತೆ, ವಾಪಸು ಹೋಗುವುದೇ ಸರಿ ಅನ್ನಿಸಿತು. ಬಲಗಡೆ ಮರಗಳ ಸಂದಿಯಲ್ಲಿ ದೂರದಲ್ಲಿ ನಿಂತ ನೀರು ಹೊಳೆಯುತ್ತಿತ್ತು. ಅದರ ನಡುವೆ ಎಲೆಯಿಲ್ಲದ ಮರಗಳ ತುದಿಗಳು. ಮುಂದೆ ಹೋಗಿದ್ದ ಕೆರಿಯಮ್ಮ ಇಳಿದು ತನ್ನ ಸೈಕಲ್ ಮಲಗಿಸಿ ಕೆಳಗೆ ಬಂದಳು. ನೀರನ್ನು ಒಂದು ಸಲ ನೋಡಿದಳು, ಅಷ್ಟೆ. ನನ್ನ ಸೈಕಲ್ಲನ್ನು ತಾನು ಹಿಡಿದು ತಳ್ಳಿಕೊಂಡು ಏರು ಹತ್ತಿಸಿಕೊಟ್ಟು ತಿರುಗಿ ತನ್ನದನ್ನು ತರಲು ಇಳಿದಳು. ಹಾಗೆ ಮೂರು ಕಡೆ ಮಾಡಿದಳು. ನನ್ನಿಂದ ಸಾಲು ಅರ್ಧ ತಾಸು ತಡವಾಯಿತು. ಕೆರಿಯಮ್ಮ ಇಲ್ಲದಿದ್ದರೆ ನಾನು ಹೊಸನಗರ ಕಾಣುತ್ತಿರಲಿಲ್ಲ, ಇದನ್ನು ಇಲ್ಲೇ ಹೇಳಿಬಿಡುವುದು ಸರಿ.

ಊಟಕ್ಕೆ ಏರ್ಪಾಡಾಗಿದ್ದುದು ಹೊಸನಗರ ದಾಟಿ ಎರಡು ಮೈಲಿಯಲ್ಲಿ, ಮಾಸ್ತರಿಗೆ ಗುರುತಿದ್ದ ತೋಟದ ಹೆಗಡೆಯವರೊಬ್ಬರ ಮನೆಯಲ್ಲಿ. ಅಡಿಕೆ ಸುಲಿಯುವ ಕಾಲ. ಅಂಗಳದ ತುಂಬ ಹಸಿ ಅಡಿಕೆಯ ರಾಶಿ, ಸುಲಿಯುವವರ ಸಾಲು, ಮೆಟ್ಟುಗತ್ತಿಗಳ ಸದ್ದು. ಮನೆಯೊಡತಿ ನನ್ನ ಚಿಕ್ಕಮ್ಮನಿಗೆ ದೂರದ ನಾದಿನಿ ಎಂದು ತಿಳಿದದ್ದು ಅಲ್ಲಿ ಹೋದ ಮೇಲೆಯೇ. "ಹೊರಗೆ ಎಂತಕ್ಕೆ ನಿಂತ್ಕಂಡಿದ್ದೆ ಕೂಸೆ, ಒಳಗೆ ಬಾ. ನೀನು ಯಾರ ಮಗಳು ಹೇಳಿ ಯಂಗೆ ಗೊತ್ತಿದ್ದು" ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಮಾಸ್ತರು, ನಾನು, ಇನ್ನಿಬ್ಬರು ನಮ್ಮ ಜಾತಿಯವರೇ ಆದ ಹುಡುಗಿಯರು ಒಳಗೆ ಕೂತೆವು. ಶೇಷಮ್ಮ ಮತ್ತು ಇಬ್ಬರಿಗೆ ಜಗಲಿಯಲ್ಲಿ ಎಲೆ ಹಾಕಿದರು. ಕೆರಿಯಮ್ಮನಿಗೆ ಅಂಗಳದ ಮೂಲೆಯಲ್ಲಿ, ಅಡಿಕೆ ಒಣಗಿಸುವ ಅಟ್ಟದ ಕೆಳಗೆ. ಯಾರೂ ಕೂತುಕೋ ಎಂದು ಜಾಗ ತೋರಿಸಲಿಲ್ಲ. ಎಲ್ಲರೂ ಅವರವರ ಜಾಗಕ್ಕೆ ತಾವೇ ಹೋದರು, ಅವಳೂ ಹೋದಳು. ತರಬೇತಿಯಲ್ಲಿ ಒಂದು ತಿಂಗಳು ಒಂದೇ ಸಾಲಿನಲ್ಲಿ ಉಂಡಿದ್ದೆವು. ಆ ನೆನಪು ಯಾರಿಗೂ ಬಂದಂತೆ ಕಾಣಲಿಲ್ಲ. ನನಗೆ ಬಂತು, ತಂಬುಳಿ ಬಡಿಸುವಾಗ. ತಲೆಬಗ್ಗಿಸಿ ಉಂಡೆ.

ಒಳಗಿನವರ ಊಟ ಮುಗಿಯುವ ಹೊತ್ತಿಗೆ ಅಂಗಳಕ್ಕೆ ಅನ್ನ ಹೋಯಿತು. ಅಂಗಳದಲ್ಲಿ ಉಂಡವರು ಎಲೆಯನ್ನು ತಾವೇ ಎತ್ತಬೇಕು, ಕೂತ ಜಾಗಕ್ಕೆ ಸಗಣಿ ಹಾಕಿ ಸಾರಿಸಿ ಏಳಬೇಕು. ಅದು ಆ ಮನೆಯವರ ಕೆಟ್ಟತನವಲ್ಲ; ನಮ್ಮ ಮನೆಯಲ್ಲೂ ಹಾಗೆಯೇ ಇತ್ತು, ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಬೇರೆ ದಿನವಾಗಿದ್ದರೆ ಬಕೆಟ್ಟಿನಲ್ಲಿ ಸಗಣಿ ನೀರು ಕದಡಿ ಇಟ್ಟಿರುತ್ತಿದ್ದರು. ಅಂದು ಕೆಲಸದ ಹೆಂಗಸರೆಲ್ಲ ಸುಲಿಯಲು ಕೂತಿದ್ದರು. ಕೈ ತೊಳೆಯಲು ನಾನು ಹಿತ್ತಲ ಬಾಗಿಲಿಂದ ಬಂದಾಗ ಕೆರಿಯಮ್ಮ ಖಾಲಿ ಬಕೆಟ್ ಹಿಡಿದು ಕೊಟ್ಟಿಗೆಯ ಕಡೆ ಬಿರಬಿರನೆ ನಡೆಯುತ್ತಿದ್ದಳು. ನನ್ನನ್ನು ಕಂಡು ನಿಂತಳು.

"ಎರಡೇ ನಿಮಿಷ. ಮೇಷ್ಟ್ರಿಗೆ ನಿಲ್ಸಕ್ ಹೇಳಿ."

ನಾನು ಹೂಂ ಎಂದು ತಲೆಯಾಡಿಸಿದೆ. ಅವಳು ಮನೆಯ ಹಿಂಬದಿಗೆ ಮರೆಯಾದಳು.

ಮುಂದಿನ ಅಂಗಳಕ್ಕೆ ಬಂದರೆ ಎಲ್ಲರೂ ಸೈಕಲ್ ಹಿಡಿದು ನಿಂತಿದ್ದರು. ತಡವಾಯಿತೆಂದು ಮಾಸ್ತರಿಗೆ ಸಿಟ್ಟು, ಆ ಸಿಟ್ಟು ನನ್ನಿಂದ ಬಂದದ್ದು. ಹೆಗಡೆಯವರು ಹೊರಗೆ ಬಂದು ನಿಂತಿದ್ದರು. ಹೆಣ್ಣುಮಕ್ಕಳು ಸೈಕಲ್ ಹತ್ತುವುದನ್ನು ನೋಡಲು ಸುಲಿಯುವವರೂ ಕೈ ನಿಲ್ಲಿಸಿದ್ದರು, ಅಕ್ಕಪಕ್ಕದ ಮನೆಯ ಹತ್ತಿಪ್ಪತ್ತು ಗಂಡಸರು ಬೇಲಿಯ ದಣಪೆಯ ಹತ್ತಿರ ಸೇರಿದ್ದರು. ಮನೆಯೊಡತಿ ಬಾಗಿಲಲ್ಲಿ ನಿಂತು ನನ್ನ ಚಿಕ್ಕಮ್ಮನಿಗೆಂದು ನನ್ನ ಕೈಗೆ ಒಂದು ಪೊಟ್ಟಣ ಕೊಟ್ಟು, ಮುಂದಿನ ಸಲ ಎರಡು ದಿನ ಉಳಿಯುವ ಹಾಗೆ ಬಾ ಎಂದು ಹೇಳುತ್ತಿದ್ದರು. ಕೆರಿಯಮ್ಮನ ಸೈಕಲ್ ಅಡಿಕೆ ಅಟ್ಟದ ಕಂಬಕ್ಕೆ ಒರಗಿತ್ತು. ಮುಂದೆ ನಿಂತವರಿಗೆ ಅದು ಕಾಣುತ್ತಿರಲಿಲ್ಲ, ಕೊನೆಯಲ್ಲಿದ್ದ ನನಗೆ ಕಾಣುತ್ತಿತ್ತು.

ಸೀಟಿ ಮೂರು ಸಲ ಆಯಿತು.

ನಿಲ್ಲಿಸಿ ಎಂದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಬೇಕಾದರೆ, ಆ ಮನೆಯ ಅನ್ನ ಇನ್ನೂ ಹೊಟ್ಟೆಯಲ್ಲಿ ಬೆಚ್ಚಗಿರುವಾಗಲೇ, ಅಷ್ಟೂ ಜನರ ಎದುರಿಗೆ, ನಮ್ಮ ಜೊತೆಯವಳೊಬ್ಬಳು ಉಂಡ ಜಾಗ ಸಾರಿಸಲು ಸಗಣಿ ಹುಡುಕಿಕೊಂಡು ಹೋಗಿದ್ದಾಳೆ ಎನ್ನಬೇಕು. ಮನೆಯವರಿಗೆ ಅವಮಾನ, ಅವಳಿಗೂ ಅವಮಾನ ಎಂದು ಯೋಚಿಸಿದೆ. ಇಷ್ಟನ್ನೇ ಯೋಚಿಸಿದೆ ಎಂದು ಅಂದಿನ ಡೈರಿಯಲ್ಲಿ ಬರೆದಿದ್ದೇನೆ. ಅದರ ಅಡಿಯಲ್ಲಿ ಒಂದು ವಾರ ಬಿಟ್ಟು ಬೇರೆ ಶಾಯಿಯಲ್ಲಿ ಬರೆದದ್ದಿದೆ: ಏಳು ಜನ, ಆರು ಕೇಂದ್ರ ಎನ್ನುವುದು ಆ ಗಳಿಗೆಯಲ್ಲಿ ನನ್ನ ತಲೆಗೆ ಬಂದಿರಲಿಲ್ಲ ಎಂದು ಆಣೆ ಇಟ್ಟು ಹೇಳಲಾರೆ.

ಮಾಸ್ತರು ತಿರುಗಿ ನೋಡಿದರು. ಎಲ್ಲರೂ ನನ್ನನ್ನೇ ನೋಡಿದರು. ಬಾಯಿ ತೆರೆದೆ. ಹೆಬ್ಬೆರಳು ತಾನಾಗಿ ಹೋಗಿ ಬೆಲ್ಲಿನ ಮೇಲೆ ಕೂತಿತ್ತು. ಎರಡು ಸಲ ಹೊಡೆದೆ.

ಸಾಲು ಹೊರಟಿತು. ಅವಳು ನನಗಿಂತ ಎರಡು ಪಾಲು ವೇಗದವಳು, ಹತ್ತು ನಿಮಿಷದಲ್ಲಿ ಬಂದು ಸೇರಿಕೊಳ್ಳುತ್ತಾಳೆ, ಯಾರಿಗೂ ಗೊತ್ತೇ ಆಗುವುದಿಲ್ಲ ಎಂದು ಹೇಳಿಕೊಂಡೆ. ಪ್ರತಿ ತಿರುವಿನಲ್ಲೂ ಹಿಂದೆ ನೋಡಿದೆ. ದಾರಿ ಖಾಲಿ ಇತ್ತು. ಅಲ್ಲಿಂದ ಮುಂದೆ ಯಾವ ಏರಿನಲ್ಲೂ ನಾನು ಇಳಿಯಲಿಲ್ಲ. ಎಲ್ಲಿಂದ ಅಷ್ಟು ಬಲ ಬಂತೋ. ಮೈಲಿಗಲ್ಲುಗಳು ಹಿಂದೆ ಬಿದ್ದವು. ಪಂಪು ನನ್ನ ಸೈಕಲ್ಲಿನ ಕ್ಯಾರಿಯರಿನಲ್ಲಿ ಕಟಕಟ ಎನ್ನುತ್ತಿತ್ತು.

ಆರಳಸುರಳಿಯ ಹತ್ತಿರ ನೀರು ಕುಡಿಯಲು ನಿಂತಾಗ ಶೇಷಮ್ಮ ಸುತ್ತ ನೋಡಿ, ಕೆರಿಯಮ್ಮ ಎಲ್ಲಿ ಎಂದು ಕೇಳಿದಳು. ಯಾರೋ ಅವಳು ಇಳಿಜಾರಿನಲ್ಲಿ ನಮ್ಮನ್ನೆಲ್ಲ ಹಿಂದೆ ಹಾಕಿ ಹೋಗಿರಬೇಕು ಎಂದರು. ಬೆಳಿಗ್ಗೆ ಎರಡು ಸಲ ಹಾಗೆ ಹೋಗಿದ್ದಳು, ಮಾಸ್ತರ ಹತ್ತಿರ ಬೈಸಿಕೊಂಡಿದ್ದಳು. ಅದು ಎಲ್ಲರಿಗೂ ನಂಬುವ ಮಾತಾಯಿತು. ಸಾಲು ಮುರಿಯುವವರ ಹೆಸರಿನ ಮುಂದೆ ಗುರುತು ಹಾಕಿಸುತ್ತೇನೆ ಎಂದು ಮಾಸ್ತರು ಗುಡುಗಿದರು. ಶೇಷಮ್ಮ ನನ್ನ ಕಡೆ ತಿರುಗಿದಳು.

"ನೀನು ಹಿಂದೆ ಇದ್ದಿಯಲ್ಲೇ ಮಾರಾಯ್ತಿ, ನೋಡ್ಲಿಲ್ವಾ?"

ಆಗಲೂ ಹೊತ್ತಿತ್ತು. ಗಂಟೆ ಇನ್ನೂ ಮೂರಾಗಿರಲಿಲ್ಲ. ಪಂಪು ಹಿಡಿದು ಯಾರಾದರೂ ತಿರುಗಿ ಹೋಗಿದ್ದರೆ ಎರಡು ಮೈಲಿಯಲ್ಲಿ ಅವಳು ಸಿಗುತ್ತಿದ್ದಳು ಎಂದು ಆಮೇಲೆ ತಿಳಿಯಿತು. ಆದರೆ ಈಗ ಹೇಳಬೇಕಾದರೆ ಬೆಲ್ ಹೊಡೆದದ್ದನ್ನೂ ಹೇಳಬೇಕು. ನೋಡಲಿಲ್ಲ ಎಂದೆ. ಬಾಯಿಂದ ಹೊರಟ ಮಾತು ಅದೊಂದೇ, ಅದೂ ಸುಳ್ಳು.

ತುಂಗೆಯ ಸೇತುವೆ ದಾಟುವಾಗ ನಾಲ್ಕು ಮುಕ್ಕಾಲು. ಸೇತುವೆಯ ಮೇಲೆ ಉಳಿದ ಹುಡುಗಿಯರು ಕೈಬಿಟ್ಟು ಸೈಕಲ್ ಬಿಡುತ್ತ ಕೇಕೆ ಹಾಕಿದರು. ಮಂಡಲಿಯ ಕಾರ್ಯದರ್ಶಿ ಹೂವಯ್ಯನವರು ಆಫೀಸಿನ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಗಡಿಯಾರ ಮುಂದಿಟ್ಟು ಕೂತಿದ್ದರು. ಬಂದವರು ಬಂದ ಹಾಗೆ ರಿಜಿಸ್ಟರಿನಲ್ಲಿ ರುಜು ಹಾಕಿದೆವು. ಕೆರಿಯಮ್ಮ ಮುಂದೆ ಬಂದಿಲ್ಲ ಎನ್ನುವುದು ಆಗ ಎಲ್ಲರಿಗೂ ತಿಳಿಯಿತು. ಮನಸ್ಸು ಬದಲಾಗಿ ಮನೆಗೆ ತಿರುಗಿರಬೇಕು, ಅವ್ವನನ್ನು ಬಿಟ್ಟಿರಲು ಆಗಲಿಲ್ಲವೇನೋ ಎಂದು ಮಾಸ್ತರು ಹೂವಯ್ಯನವರಿಗೆ ವಿವರಿಸಿದರು. ಹೂವಯ್ಯನವರು ಐದು ಹೊಡೆಯುವವರೆಗೆ ಕಾದು, ಹೆಸರುಗಳ ಕೆಳಗೆ ಗೆರೆ ಎಳೆದು ಪುಸ್ತಕ ಮುಚ್ಚಿದರು. ನಾನು ಕೈಕಾಲು ತೊಳೆಯುವ ನೆವದಲ್ಲಿ ಸೇತುವೆಯ ಹತ್ತಿರ ಹೋಗಿ ನಿಂತೆ.

ಅವಳು ಬಂದದ್ದು ಆರೂವರೆಗೆ, ಸೈಕಲ್ ತಳ್ಳಿಕೊಂಡು. ಹಿಂದಿನ ಟೈರು ರಿಮ್ಮಿನಿಂದ ಕಳಚಿ ಸುತ್ತಿ ಹ್ಯಾಂಡಲಿಗೆ ಕಟ್ಟಿತ್ತು. ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಸಾರಿಸಿ ಹೊರಡುವುದೇ ತಡವಾಗಿ, ನಮ್ಮನ್ನು ಹಿಡಿಯಲೆಂದು ಇಳಿಜಾರಿನಲ್ಲಿ ಬಿಟ್ಟುಕೊಂಡು ಬರುವಾಗ ಟ್ಯೂಬು ಒಡೆದಿತ್ತು. ಪಂಪು ಮುಂದೆ ಹೋಗಿತ್ತು, ಬೇರೆ ಸೈಕಲ್ ಆ ದಾರಿಯಲ್ಲಿ ಬರಲಿಲ್ಲ. ಹನ್ನೆರಡು ಮೈಲಿ ತಳ್ಳಿದ್ದಳು. ನನ್ನನ್ನು ಕಂಡು ನಿಂತಳು, ಸೈಕಲ್ಲನ್ನು ಸೇತುವೆಯ ಕಟ್ಟೆಗೆ ಒರಗಿಸಿದಳು. ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ.

"ನಾ ಹೇಳಿದ್ದು ನಿಮಗೆ ಕೇಳ್ಸಿತ್ತಾ?"

"ಕೇಳಿಸಿತ್ತು."

"ಹಂಗಾರೆ ಸರಿ" ಎಂದಳು. ಕೇಳಿಸಿರಲಿಲ್ಲವೇನೋ ಎಂದು ಹನ್ನೆರಡು ಮೈಲಿಯೂ ಅವಳು ಅಂದುಕೊಂಡು ಬಂದಿದ್ದಳು ಎಂದು ನನಗೆ ಹೊಳೆದದ್ದು ಆಗ. ಅದೊಂದನ್ನೂ ನಾನು ಕಿತ್ತುಕೊಂಡಿದ್ದೆ.

ಅವಳ ಕೈ ಹಿಡಿದು ಆಫೀಸಿಗೆ ಕರೆದುಕೊಂಡು ಹೋದೆ. ಹೂವಯ್ಯನವರು ಕಾಫಿ ಕುಡಿಯುತ್ತಿದ್ದರು, ಮಾಸ್ತರು ಎದುರಿಗೆ ಕೂತಿದ್ದರು. ನಾನು ನಿಂತಲ್ಲಿಂದಲೇ ಎಲ್ಲವನ್ನೂ ಹೇಳಿದೆ. ಅಂಗಳದ ಊಟ, ಬಕೆಟ್ಟು, ಅವಳು ಹೇಳಿಕಳಿಸಿದ ಮಾತು, ನಾನು ಹೊಡೆದ ಬೆಲ್ಲು, ಆರಳಸುರಳಿಯಲ್ಲಿ ಹೇಳಿದ ಸುಳ್ಳು. ಗಂಟಲು ಕಟ್ಟಲಿಲ್ಲ. ಅಷ್ಟು ಉದ್ದ ನಾನು ಜೀವನದಲ್ಲಿ ಮಾತಾಡಿದವಳೇ ಅಲ್ಲ. ಮಾಸ್ತರು ಕಿಟಕಿಯ ಕಡೆ ಮುಖ ತಿರುಗಿಸಿದರು. ಸಗಣಿಯ ವಿಷಯ ಬಂದಾಗ ಹೂವಯ್ಯನವರು ಲೋಟ ಕೆಳಗಿಟ್ಟರು. ಅವರು ಒಳ್ಳೆಯವರು, ನಾನು ಮುಗಿಸುವವರೆಗೆ ನಡುವೆ ಬಾಯಿ ಹಾಕಲಿಲ್ಲ.

"ನೀನು ಹೇಳಿದ್ದು ಸುಳ್ಳು ಅಂತ ನಾನು ಅನ್ನೋದಿಲ್ಲ ತಾಯಿ" ಎಂದರು. "ಆದ್ರೆ ಇದನ್ನೆಲ್ಲ ಯಾವ ಕಾಲಮ್ಮಿನಲ್ಲಿ ಬರೀಲಿ? ಐದು ಅಂತ ನಾವೇ ಹಾಕಿದ್ದು. ಆರು ಜಾಗಕ್ಕೆ ಆರು ಜನ ಬಂದ್ರು, ಶಿವಮೊಗ್ಗಕ್ಕೆ ತಂತಿ ಹೋಯ್ತು."

ನನ್ನ ಹೆಸರು ಹೊಡೆದುಹಾಕಿ, ಅವಳದನ್ನು ಬರೆಯಿರಿ ಎಂದೆ.

"ನಿಂದು ಹೊಡೀಬಹುದು. ಹಿಂದೆ ಉಳಿದವಳನ್ನ ಬಿಟ್ಟು ಬೆಲ್ ಹೊಡೆದವಳು ಅಂತ ಬರೆದು ಹೊಡೀಬಹುದು. ಹೊಡೆದ್ರೆ ಒಂದು ಕೇಂದ್ರ ಈ ವರ್ಷ ತೆರೆಯೋದಿಲ್ಲ, ಅಷ್ಟೆ. ಗೆರೆ ಎಳೆದ ಮೇಲೆ ಬಂದವಳ ಹೆಸರು ಸೇರಿಸೋಕೆ ನಂಗೆ ಅಧಿಕಾರ ಇಲ್ಲ." ಪೆನ್ನು ತೆಗೆದುಕೊಂಡು ಕೇಳಿದರು. "ಹೇಳು, ಹೊಡೀಲಾ?"

ನಾನು ಕೆರಿಯಮ್ಮನ ಕಡೆ ನೋಡಿದೆ. ಅವಳು ಗೋಡೆಗೆ ತೂಗುಹಾಕಿದ್ದ ಮೂರು ತಾಲೂಕುಗಳ ನಕ್ಷೆಯನ್ನು ನೋಡುತ್ತ ನಿಂತಿದ್ದಳು. ಕೆಂಪು ಚುಕ್ಕೆ ಇಟ್ಟ ಆರು ಕೇಂದ್ರಗಳು. ನಾನು ಮಾತಾಡಲಿಲ್ಲ. ಹೂವಯ್ಯನವರು ಪೆನ್ನಿಗೆ ಟೊಪ್ಪಿಗೆ ಹಾಕಿದರು. ಅವಳು ತಂದ ಸೈಕಲ್ಲನ್ನು ಅಲ್ಲೇ ಬಿಟ್ಟು ರುಜು ಹಾಕಿ ಹೋಗಬೇಕೆಂದೂ, ರಾತ್ರಿ ಉಣ್ಣಲು ಮಲಗಲು ಏನೂ ತೊಂದರೆ ಇಲ್ಲವೆಂದೂ ಹೇಳಿದರು. ಅವಳು ರುಜು ಹಾಕಿದಳು. ಊಟ ಬೇಡವೆಂದಳು.

ಬೆಳಿಗ್ಗೆ ಏಳಕ್ಕೆ ಸಾಗರದ ಬಸ್ಸು. ಬಸ್ ಸ್ಟ್ಯಾಂಡಿಗೆ ನಾನೂ ಹೋದೆ. ನೀವು ಬನ್ನಿ ಎಂದು ಅವಳು ಕರೆದಿರಲಿಲ್ಲ. ನನಗೆ ಕೊಟ್ಟ ಕೇಂದ್ರ ಮೇಗರವಳ್ಳಿಯ ಹತ್ತಿರದ್ದೆಂದು ಹಿಂದಿನ ರಾತ್ರಿಯೇ ಮಾಸ್ತರು ಹೇಳಿದ್ದರು. ದಾರಿಯುದ್ದಕ್ಕೂ ಒಂದು ಮಾತನ್ನು ಕೂಡಿಸಿಕೊಂಡು, ಕೊನೆಗೆ ಹೇಳಿದೆ: ಮನೆ ಎರಡು ಕೋಣೆಯದು, ನೀನೂ ನಿನ್ನ ಅವ್ವನೂ ಬಂದು ನನ್ನ ಜೊತೆ ಇರಿ.

"ನಿಮ್ಮಪ್ಪ ನೋಡಕ್ ಬತ್ತಾರಲ್ಲ, ಅವತ್ತು ಎಲ್ಲಿಗೆ ಹೋಗದು ನಾವು?" ಎಂದಳು. ಸಿಟ್ಟಿನಿಂದಲ್ಲ. ನಿಜವಾಗಿ ಯೋಚಿಸಿ ಕೇಳಿದ ಹಾಗೆ ಇತ್ತು. ಆ ದಿನ ಅಪ್ಪ ಬಂದು ಬಾಗಿಲಲ್ಲಿ ನಿಂತದ್ದನ್ನು ನಾನೂ ಕಣ್ಣೆದುರು ಕಂಡೆ. ಅವರು ಏನನ್ನುತ್ತಾರೆ, ನಾನು ಏನನ್ನುವುದಿಲ್ಲ ಎಂದೂ ಕಂಡೆ.

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತಳು. ಚಪ್ಪಲಿ ಇಲ್ಲದ ಕಾಲಿಗೆ ಯಾರೋ ಕೊಟ್ಟ ಬಟ್ಟೆ ಸುತ್ತಿದ್ದಳು. ಕಂಡಕ್ಟರ್ ಮೇಲೆ ಹತ್ತಿ ಸಾಮಾನು ಕಟ್ಟುತ್ತಿದ್ದ. ಅವಳು ಕಿಟಕಿಯಿಂದ ಬಗ್ಗಿ ನನ್ನನ್ನು ಹತ್ತಿರ ಕರೆದಳು.

"ಅವ್ವ ಸಾಗರದ ಸ್ಟ್ಯಾಂಡಲ್ಲೇ ನಿಂತಿರ್ತಾಳೆ, ಬ್ಯಾಡ ಅಂದ್ರೂ ಕೇಳಲ್ಲ. ಸೈಕಲ್ ಕೆಟ್ತು ಅಂದ್ರೆ, ಉಳಿದವ್ರದ್ದು ಯಾಕೆ ಕೆಡ್ಲಿಲ್ಲ ಅಂತಾಳೆ. ಇದ್ದಿದ್ದು ಹೇಳಿದ್ರೆ ಅವಳಿಗೆ ನಿಮ್ಮ ಮೇಲೆ ಬೇಜಾರಾಗ್ತದೆ, ನಿಮ್ಮನ್ನ ಕಂಡ್ರೆ ಭಾಳ ಇಷ್ಟ ಅವಳಿಗೆ. ನೀವು ಓದ್ದೋರು. ಅವಳಿಗೆ ಎಂತ ಹೇಳ್ಲಿ, ಒಂದು ಮಾತು ಹೇಳ್ಕೊಡಿ."

ಅವಳ ಮುಖದಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಕೈಯನ್ನು ಕಿಟಕಿಯ ಸರಳಿನ ಮೇಲಿಟ್ಟು ಕಾಯುತ್ತಿದ್ದಳು. ಹಳೆಯ ತಡಿಕೆಯ ಮೂಲೆಯಲ್ಲಿ ಇನ್ನೊಂದು ಮಳೆಗಾಲ ಇಲ್ಲ, ಅಲ್ಲಿಂದ ಎದ್ದು ಹೋಗಲು ಜಾಗವೂ ಇಲ್ಲ; ಇದನ್ನು ಕೇಳಿ ಒಬ್ಬ ತಾಯಿ ಮನೆಗೆ ನಡೆದು ಹೋಗುವಂಥ ಒಂದು ವಾಕ್ಯ ಬೇಕಿತ್ತು. ನಾನು ಹುಡುಕಿದೆ. ಏಳು ವರ್ಷದಿಂದ ದಿನಕ್ಕೊಂದು ಪುಟ ಬರೆಯುವವಳು ನಾನು. ಕಂಡಕ್ಟರ್ ಇಳಿದು ಬಾಗಿಲು ಎಳೆದುಕೊಂಡ. ಡ್ರೈವರ್ ಇಂಜಿನ್ ಹಚ್ಚಿದ. ಬಸ್ಸು ಜಗ್ಗಿ ಮುಂದೆ ಸರಿಯುವವರೆಗೂ ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಆಮೇಲೆ ತಿರುಗಿ ನೇರ ಕೂತಳು.

ಒಂಬತ್ತಕ್ಕೆ ಆಫೀಸಿನಲ್ಲಿ ಕೆಲಸದ ಆರ್ಡರ್ ಕೊಡುವವರಿದ್ದರು. ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ನಡೆದು ಹೋದೆ. ಉಳಿದ ಐವರು ಆಗಲೇ ಸಾಲಾಗಿ ನಿಂತಿದ್ದರು. ನಾನು ಹೋಗಿ ಹಿಂದೆ ನಿಂತೆ. ನನ್ನ ಹೆಸರು ಕೂಗಿದಾಗ ಮುಂದೆ ಹೋಗಿ, ಎರಡೂ ಕೈಯಲ್ಲಿ ತೆಗೆದುಕೊಂಡೆ.